ಹೊಗಾರ್ತ್‌ನ ಮದುವೆಮನೆಯಲ್ಲಿ ಕೈಗಳು ಏನು ಮಾಡುತ್ತಿವೆ?

ಪ್ರಶ್ನೆ: ಹದಿನೆಂಟನೆಯ ಶತಮಾನದ ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೊಗಾರ್ತ್‌ನ ‘ಮ್ಯಾರೇಜ್ ಅ ಲಾ ಮೋಡ್’ ಸರಣಿಯ ಮೊದಲ ಚಿತ್ರವನ್ನು ಇತ್ತೀಚೆಗೆ ನೋಡಿದೆ. ಇಬ್ಬರು ತಂದೆಯರು ಮೇಜಿನ ಬಳಿ ಲೆಕ್ಕಾಚಾರದಲ್ಲಿ ಮುಳುಗಿದ್ದಾರೆ. ಮದುವೆಯಾಗಬೇಕಾದ ಹುಡುಗ ಹುಡುಗಿ ಒಬ್ಬರಿಗೊಬ್ಬರು ಬೆನ್ನು ಹಾಕಿ ಕುಳಿತಿದ್ದಾರೆ. ‘ಹಣಕ್ಕಾಗಿ ಮದುವೆಯಾಗಬೇಡಿ, ಪ್ರೀತಿಸಿ ಮದುವೆಯಾಗಿ’ ಎಂಬ ನೀತಿಪಾಠವೇ ಇದು? ಅಷ್ಟೇ ಆಗಿದ್ದರೆ ಇದನ್ನು ದೊಡ್ಡ ಕಲೆಯೆಂದು ಏಕೆ ಎಣಿಸುತ್ತಾರೆ? ಹೊಗಾರ್ತ್ ಸುಖೀ ದಾಂಪತ್ಯವನ್ನು ಎಂದಾದರೂ ಚಿತ್ರಿಸಿದ್ದನೇ?

ಉತ್ತರ: ನೀತಿಪಾಠವೆಂಬ ನಿಮ್ಮ ಅನುಮಾನದಿಂದಲೇ ಆರಂಭಿಸುತ್ತೇನೆ. ಈ ಸರಣಿಯನ್ನು ಬಹಳ ಮಂದಿ ಹಾಗೆಯೇ ಓದುತ್ತಾರೆ, ಓದಿ ಮುಂದೆ ಹೋಗಿಬಿಡುತ್ತಾರೆ. ನೀವು ನೋಡಿದ ಮೊದಲ ಚಿತ್ರಕ್ಕೆ ಮತ್ತೊಮ್ಮೆ ಹೋಗಿ. ಈ ಸಲ ಮುಖಗಳನ್ನು ಬಿಟ್ಟು ಕೈಗಳನ್ನು ಮಾತ್ರ ನೋಡಿ.

ಬಲಗಡೆ ಕುಳಿತಿರುವ ಮುದುಕ ಅರ್ಲ್ ಪದವಿಯ ಕುಲೀನ. ಸಂಧಿವಾತದಿಂದ ಊದಿದ ಕಾಲಿಗೆ ಬಟ್ಟೆ ಸುತ್ತಿ ಪೀಠದ ಮೇಲೆ ಇಟ್ಟುಕೊಂಡಿದ್ದಾನೆ. ಅವನ ಕೈ ತನ್ನ ವಂಶವೃಕ್ಷದ ಕಡೆಗೆ ತೋರಿಸುತ್ತಿದೆ. ಆ ವೃಕ್ಷದ ಬೇರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮಂಡಿಯ ವಿಲಿಯಂನಲ್ಲಿದೆ. ಮೇಜಿನ ಬಳಿ ಕುಳಿತವನು ಹುಡುಗಿಯ ತಂದೆ, ಲಂಡನ್ ನಗರದ ವರ್ತಕ ಮತ್ತು ನಗರಸಭೆಯ ಹಿರಿಯ ಸದಸ್ಯ. ಕನ್ನಡಕವನ್ನು ಕಣ್ಣಿಗೆ ಹಿಡಿದು ಮದುವೆಯ ಒಪ್ಪಂದಪತ್ರವನ್ನು ಅಕ್ಷರ ಅಕ್ಷರವಾಗಿ ಓದುತ್ತಿದ್ದಾನೆ. ಅವನು ತಂದ ಚಿನ್ನದ ನಾಣ್ಯಗಳು ಅರ್ಲ್‌ನ ಮುಂದೆ ಸುರಿದಿವೆ. ನಡುವೆ ನಿಂತ ಬಡಕಲು ಮನುಷ್ಯನೊಬ್ಬ ಅಡಮಾನದ ಪತ್ರವನ್ನು ಅರ್ಲ್‌ನ ಕಡೆಗೆ ಚಾಚಿದ್ದಾನೆ. ಎಡಗಡೆಗೆ ಬನ್ನಿ. ವರನ ಬೆರಳುಗಳಲ್ಲಿ ನಶ್ಯ, ಕಣ್ಣು ಕನ್ನಡಿಯಲ್ಲಿ. ವಧು ತನ್ನ ಉಂಗುರವನ್ನು ಕರವಸ್ತ್ರಕ್ಕೆ ಪೋಣಿಸಿ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿದ್ದಾಳೆ. ಅವಳ ಕಡೆಗೆ ಬಾಗಿ ಪಿಸುಗುಟ್ಟುತ್ತಿರುವ ವಕೀಲ ಗರಿಯ ಲೇಖನಿಯನ್ನು ಹೆರೆಯುತ್ತಿದ್ದಾನೆ.

ಒಂದು ಕೋಣೆ, ಒಂದು ಮದುವೆ, ಆರು ಜನರ ಕೈಗಳು. ಯಾರ ಕೈಯೂ ಇನ್ನೊಬ್ಬರ ಕೈಯನ್ನು ಮುಟ್ಟಿಲ್ಲ. ಮುಟ್ಟಿರುವುದೆಲ್ಲ ಕಾಗದ, ಲೋಹ, ನಶ್ಯ, ಬಟ್ಟೆ. ಪಾಣಿಗ್ರಹಣವೇ ಇಲ್ಲದ ಮದುವೆ ಎಂದು ಕನ್ನಡದ ಓದುಗರಿಗೆ ಒಂದೇ ಮಾತಿನಲ್ಲಿ ಹೇಳಬಹುದು. ನೆಲದ ಮೇಲೆ ಎರಡು ನಾಯಿಗಳನ್ನು ಒಂದೇ ಸರಪಳಿಯಲ್ಲಿ ಬಿಗಿದಿದ್ದಾರೆ. ಅವುಗಳಲ್ಲೊಂದರ ಮೈಮೇಲೂ ಅರ್ಲ್‌ನ ಕಿರೀಟದ ಮುದ್ರೆಯಿದೆ. ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಈ ನಾಯಿಗಳೇ. ನನಗೆ ಮಾತ್ರ ಆ ಉಂಗುರ ಮತ್ತು ಕರವಸ್ತ್ರದ ಆಟ ಹೆಚ್ಚು ನೋವಿನದು. ಬದುಕಿನ ಅತಿ ದೊಡ್ಡ ತೀರ್ಮಾನ ಎರಡು ಮಾರು ದೂರದಲ್ಲಿ ನಡೆಯುತ್ತಿರುವಾಗ ಅದರಲ್ಲಿ ಮಾತಿಗೆ ಅವಕಾಶವಿಲ್ಲದವಳು ಇನ್ನೇನು ಮಾಡಿಯಾಳು?

ಚಿತ್ರದಲ್ಲಿ ನಡೆಯುತ್ತಿರುವ ವ್ಯವಹಾರ ಹೊಗಾರ್ತ್‌ನ ಕಲ್ಪನೆಯಲ್ಲ. ಅಂದಿನ ಇಂಗ್ಲೆಂಡಿನ ಕುಲೀನ ಮನೆತನಗಳ ಭೂಮಿ ಸಾಮಾನ್ಯವಾಗಿ ಒಂದು ಬಿಗಿಯಾದ ಕಾನೂನು ಏರ್ಪಾಡಿಗೆ ಒಳಪಟ್ಟಿರುತ್ತಿತ್ತು. ಯಜಮಾನನಾದವನು ಬದುಕಿರುವಷ್ಟು ದಿನ ಭೂಮಿಯ ವರಮಾನ ಅನುಭವಿಸಬಹುದು, ಭೂಮಿಯನ್ನು ಮಾರುವಂತಿಲ್ಲ. ಅದು ಇಡಿಯಾಗಿ ಹಿರಿಯ ಮಗನಿಗೆ, ಅವನಿಂದ ಮೊಮ್ಮಗನಿಗೆ ಹೋಗಬೇಕು. ಹೀಗಾಗಿ ಸಾವಿರಾರು ಎಕರೆಯ ಒಡೆಯನೂ ಕೈಯಲ್ಲಿ ಕಾಸಿಲ್ಲದೆ ಸಾಲಗಾರನಾಗುವುದು ಸಾಧ್ಯವಿತ್ತು. ಮಗ ವಯಸ್ಸಿಗೆ ಬಂದಾಗಲೋ ಅವನ ಮದುವೆಯ ಹೊತ್ತಿನಲ್ಲೋ ತಂದೆ ಮಗ ಇಬ್ಬರೂ ಸೇರಿ ಈ ಏರ್ಪಾಡನ್ನು ಬಿಚ್ಚಿ ಹೊಸದಾಗಿ ಬರೆದುಕೊಳ್ಳಬಹುದಿತ್ತು. ಮಗನ ಮದುವೆಯೆಂದರೆ ಮನೆತನದ ಹಣಕಾಸಿಗೆ ಬಾಗಿಲು ತೆರೆಯುವ ಅಪರೂಪದ ಗಳಿಗೆ. ಸೊಸೆಯ ಜೊತೆಗೆ ಬರುವ ಮೊತ್ತದಿಂದ ಹಳೆಯ ಅಡಮಾನ ಬಿಡಿಸಿಕೊಳ್ಳಬಹುದು. ಬದಲಿಗೆ ವರನ ಕಡೆಯವರು, ಅವಳು ವಿಧವೆಯಾದರೆ ವರ್ಷಕ್ಕೆ ಇಷ್ಟು ಹಣವೆಂದು ಬರೆದುಕೊಡುತ್ತಿದ್ದರು. ಹೆಂಡತಿಯ ಚರಾಸ್ತಿಯೆಲ್ಲ ಗಂಡನದಾಗುತ್ತಿದ್ದ ಕಾಲವದು. ಅವಳ ಪಾಲಿಗೆ ಉಳಿಯುತ್ತಿದ್ದುದು ಪತ್ರದಲ್ಲಿ ಬರೆಸಿಕೊಂಡಷ್ಟೇ.

ಈ ಹಿನ್ನೆಲೆ ತಿಳಿದ ಮೇಲೆ ಕಿಟಕಿಯ ಆಚೆ ನೋಡಿ. ಅರ್ಧಕ್ಕೆ ನಿಂತ ಭವ್ಯ ಕಟ್ಟಡ ಕಾಣುತ್ತದೆ. ವಾಸ್ತುಶಿಲ್ಪಿ ನಕ್ಷೆ ಹಿಡಿದು ಅದನ್ನೇ ದಿಟ್ಟಿಸುತ್ತಿದ್ದಾನೆ. ಸೊಸೆ ಈ ಮನೆಗೆ ಏಕೆ ಬರುತ್ತಿದ್ದಾಳೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ. ವರ್ತಕನಿಗೇನು ಲಾಭ? ಮಗಳು ಕೌಂಟೆಸ್, ಅಂದರೆ ಅರ್ಲ್‌ನ ಹೆಂಡತಿ ಆಗುತ್ತಾಳೆ, ಮೊಮ್ಮಗ ಅರ್ಲ್ ಆಗುತ್ತಾನೆ. ಒಬ್ಬನಲ್ಲಿ ಹೆಸರಿದೆ, ಹಣವಿಲ್ಲ. ಇನ್ನೊಬ್ಬನಲ್ಲಿ ಹಣವಿದೆ, ಹೆಸರಿಲ್ಲ. ಇಬ್ಬರಿಗೂ ತಮ್ಮದು ಒಳ್ಳೆಯ ವ್ಯಾಪಾರ ಅನ್ನಿಸಿದೆ, ಲೆಕ್ಕದ ಪ್ರಕಾರ ಅದು ಒಳ್ಳೆಯದೇ ಹೌದು. ಹೊಗಾರ್ತ್‌ನ ವಿಡಂಬನೆಯ ಹರಿತವಿರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಇಬ್ಬರು ತಂದೆಯರಲ್ಲಿ ಯಾರೂ ರಾಕ್ಷಸರಲ್ಲ, ಕಾನೂನು ಮೀರಿದವರೂ ಅಲ್ಲ. ತಮ್ಮ ಮನೆತನಕ್ಕೆ ಹಿತವೆಂದು ತಿಳಿದದ್ದನ್ನೇ ಮಾಡುತ್ತಿದ್ದಾರೆ.

ಹಾಗಾದರೆ ಅವನ ಸಿಟ್ಟು ಯಾರ ಮೇಲೆ? ಹಣದ ಮೇಲೆ ಎಂದು ನಾನು ಹೇಳಲಾರೆ. ಪತ್ರದಲ್ಲಿ ಯಾರ ಬದುಕು ಅಡಗಿದೆಯೋ ಆ ಇಬ್ಬರೇ ಆ ವ್ಯವಹಾರದ ಕಕ್ಷಿಗಳಲ್ಲ ಎಂಬುದರ ಮೇಲೆ. ಉಳಿದ ಐದು ಚಿತ್ರಗಳು ಈ ಒಂದು ಮಾತನ್ನು ಅದರ ಕೊನೆಯವರೆಗೂ ಬೆನ್ನಟ್ಟಿ ಹೋಗುತ್ತವೆ.

ಎರಡನೆಯ ಚಿತ್ರದಲ್ಲಿ ಮದುವೆಯಾಗಿ ಕೆಲಕಾಲ ಕಳೆದಿದೆ. ಗಡಿಯಾರದಲ್ಲಿ ಒಂದು ಗಂಟೆ ದಾಟಿದೆ. ರಾತ್ರಿಯೆಲ್ಲ ಹೊರಗಿದ್ದು ಬಂದ ಗಂಡ ಕುರ್ಚಿಯಲ್ಲಿ ಕುಸಿದು ಕಾಲು ಚಾಚಿದ್ದಾನೆ, ಕೈಗಳು ಜೇಬಿನೊಳಗೆ. ಪುಟ್ಟ ನಾಯಿಯೊಂದು ಅವನ ಜೇಬಿನಿಂದ ಇಣುಕುವ ಹೆಣ್ಣಿನ ಟೊಪ್ಪಿಗೆಯನ್ನು ಮೂಸುತ್ತಿದೆ, ಆ ಟೊಪ್ಪಿಗೆ ಹೆಂಡತಿಯದಲ್ಲ. ನೆಲದ ಮೇಲೆ ಮುರಿದ ಖಡ್ಗ. ಹೆಂಡತಿಯ ಕಡೆ ಮಗುಚಿಬಿದ್ದ ಕುರ್ಚಿ ಮತ್ತು ಇಸ್ಪೀಟಾಟದ ಕೈಪಿಡಿ. ಅವಳು ಮೈಮುರಿಯುತ್ತ ಓರೆಗಣ್ಣಿನಿಂದ ನೋಡುತ್ತಿದ್ದಾಳೆ. ಮನೆಯ ಲೆಕ್ಕ ನೋಡುವ ಮುದುಕ ಪಾವತಿಯಾಗದ ಬಿಲ್ಲುಗಳ ಕಟ್ಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದನ್ನು ಹತಾಶೆಯಿಂದ ಎತ್ತಿ ಹೊರನಡೆದಿದ್ದಾನೆ. ಪಾವತಿಯಾದ ರಸೀದಿ ಒಂದೇ ಒಂದು.

ದೊಡ್ಡ ಕಲೆ ಏಕೆ ಎಂದು ಕೇಳಿದ್ದೀರಲ್ಲ, ಈ ಎರಡನೆಯ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಹೆಂಡತಿಯ ಮುಖದಲ್ಲಿ ಆಯಾಸ, ತುಂಟತನ, ಸಣ್ಣದೊಂದು ತೃಪ್ತಿ ಎಲ್ಲವೂ ಒಟ್ಟಿಗೆ ಇವೆ. ಗಂಡನ ಮುಖದಲ್ಲಿ ದುಷ್ಟತನದ ಲವಲೇಶವಿಲ್ಲ. ಬರೀ ಖಾಲಿತನ, ಏನೂ ಉಳಿದಿಲ್ಲದವನ ದೃಷ್ಟಿ. ನೀತಿಪಾಠ ಬರೆಯುವವನಿಗೆ ಒಳ್ಳೆಯವರು ಕೆಟ್ಟವರು ಸಾಕು. ಹೊಗಾರ್ತ್ ಈ ದಂಪತಿಯನ್ನು ತಪ್ಪಿತಸ್ಥರೆಂದು ತೋರಿಸುತ್ತಲೇ ಅವರ ಬಗ್ಗೆ ನಮ್ಮ ಕರುಳು ಮಿಡಿಯುವಂತೆ ಮಾಡಿದ್ದಾನೆ, ಅದೂ ಒಂದು ತೊಟ್ಟು ಕಣ್ಣೀರು ಬರೆಯದೆ. ರೇಷ್ಮೆಯ ಹೊಳಪು, ನಡುಹಗಲಾದರೂ ರಾತ್ರಿಯ ಅವ್ಯವಸ್ಥೆ ಮುಗಿಯದ ಹಿಂದಿನ ಕೋಣೆ, ಇವೆಲ್ಲ ಸುಮಾರು 70 ಸೆಂಟಿಮೀಟರ್ ಎತ್ತರ, 91 ಸೆಂಟಿಮೀಟರ್ ಅಗಲದ ಕ್ಯಾನ್ವಾಸಿನಲ್ಲಿ ಅಡಕವಾಗಿವೆ. ಆತ ತನ್ನ ಬಣ್ಣಗಾರಿಕೆಗಾಗಿಯೇ ನೆನಪಿರಬೇಕಾದವನು. ಹಾಸ್ಯಚಿತ್ರಕಾರನೆಂಬ ಹಣೆಪಟ್ಟಿ ಅವನಿಗೆ ಅನ್ಯಾಯ ಮಾಡಿದೆ.

ಮೂರನೆಯ ಚಿತ್ರದಲ್ಲಿ ಗಂಡ ಎಳೆಯ ಹುಡುಗಿಯೊಬ್ಬಳನ್ನು ಕರೆದುಕೊಂಡು ನಕಲಿ ವೈದ್ಯನ ಮನೆಗೆ ಬಂದಿದ್ದಾನೆ, ಕೈಯಲ್ಲಿ ಗುಳಿಗೆಯ ಡಬ್ಬಿ. ಮೊದಲ ಚಿತ್ರದಿಂದಲೂ ಅವನ ಕುತ್ತಿಗೆಯ ಮೇಲಿರುವ ಕಪ್ಪು ಮಚ್ಚೆ ಸಿಫಿಲಿಸ್ ರೋಗದ ಗುರುತೆಂದು ಸಾಮಾನ್ಯವಾಗಿ ಅರ್ಥೈಸುತ್ತಾರೆ. ಅಂದರೆ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ರೋಗ ಆ ಮನೆಯಲ್ಲಿತ್ತು. ವರ್ತಕನ ಕನ್ನಡಕ ಪತ್ರವನ್ನು ಓದಿತು, ಅಳಿಯನ ಕುತ್ತಿಗೆಯನ್ನು ನೋಡಲಿಲ್ಲ.

ನಾಲ್ಕನೆಯದರಲ್ಲಿ ಮುದುಕ ಅರ್ಲ್ ತೀರಿಕೊಂಡಿದ್ದಾನೆ. ಮಂಚದ ಮೇಲೆ, ಕನ್ನಡಿಯ ಮೇಲೆ ಕಿರೀಟ ಬಂದಿದೆ, ಅವಳೀಗ ಕೌಂಟೆಸ್. ಕುರ್ಚಿಗೆ ತೂಗಿದ ಹವಳದ ಆಟಿಕೆಯೊಂದರಿಂದ ಅವಳು ತಾಯಿಯಾಗಿದ್ದಾಳೆಂದು ತಿಳಿಯುತ್ತದೆ, ಮಗು ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಕೂದಲು ಸುರುಳಿ ಮಾಡಿಸಿಕೊಳ್ಳುತ್ತ ಅವಳು ಕೇಳುತ್ತಿರುವುದು ಅದೇ ವಕೀಲನ ಮಾತನ್ನು. ಅವನು ಸೋಫಾದ ಮೇಲೆ ಮನೆಯವನಂತೆ ಒರಗಿ, ಮುಖವಾಡದ ನೃತ್ಯಕೂಟದ ಟಿಕೆಟನ್ನು ಅವಳತ್ತ ಚಾಚಿದ್ದಾನೆ. ಈ ಚಿತ್ರದಲ್ಲಿ ಇಬ್ಬರು ಕಪ್ಪು ಜನಾಂಗದ ಸೇವಕರಿದ್ದಾರೆ. ಒಬ್ಬ ಚಾಕೊಲೇಟ್ ಪಾನೀಯ ಹಂಚುತ್ತಿದ್ದಾನೆ. ಇನ್ನೊಬ್ಬ ಚಿಕ್ಕ ಹುಡುಗ, ಗ್ರೀಕ್ ಪುರಾಣದ, ಕೊಂಬು ಮೂಡಿದ ಆಕ್ಟಿಯಾನ್‌ನ ಬೊಂಬೆಯನ್ನು ಬೆರಳಿಟ್ಟು ತೋರಿಸಿ ನಗುತ್ತಿದ್ದಾನೆ. ಕೊಂಬು ಎಂದರೆ ಹೆಂಡತಿಯಿಂದ ವಂಚಿತನಾದ ಗಂಡನ ಸಂಕೇತ. ಇಡೀ ಕೋಣೆಯಲ್ಲಿ ನಿಜ ಹೇಳುತ್ತಿರುವವನು ಆ ಹುಡುಗನೊಬ್ಬನೇ. ಆ ಕಾಲದ ಲಂಡನ್ನಿನ ಸಿರಿಯಲ್ಲಿ ಗುಲಾಮರ ವ್ಯಾಪಾರದ ಹಣವೂ ಸೇರಿತ್ತು ಎಂಬುದನ್ನು ನೆನೆದರೆ, ಮನುಷ್ಯರಿಗೆ ಬೆಲೆ ಕಟ್ಟುವ ಈ ಕಥೆಯಲ್ಲಿ ಅವನ ಇರುವಿಕೆ ನನ್ನನ್ನು ಬಹಳ ಕಾಡುತ್ತದೆ.

ಐದನೆಯ ಚಿತ್ರ ಕೊಲೆಯದು. ಬಾಡಿಗೆ ಕೋಣೆಯಲ್ಲಿ ಗಂಡನ ಕೈಗೆ ಸಿಕ್ಕಿಬಿದ್ದ ವಕೀಲ ಅವನನ್ನು ಇರಿದು ಕಿಟಕಿಯಿಂದ ಓಡುತ್ತಿದ್ದಾನೆ, ಅವಳು ಮೊಣಕಾಲೂರಿ ಬೇಡುತ್ತಿದ್ದಾಳೆ.

ಆರನೆಯದು ತವರುಮನೆ. ತೆರೆದ ಕಿಟಕಿಯಿಂದ ಥೇಮ್ಸ್ ನದಿಯೂ ಹಳೆಯ ಲಂಡನ್ ಸೇತುವೆಯೂ ಕಾಣುತ್ತವೆ. ನೆಲದ ಮೇಲೆ ಅಫೀಮಿನ ದ್ರಾವಣದ ಖಾಲಿ ಬಾಟಲಿ ಬಿದ್ದಿದೆ. ಪಕ್ಕದಲ್ಲೇ ಗಲ್ಲಿಗೇರಿದ ವಕೀಲನ ಕೊನೆಯ ಮಾತುಗಳನ್ನು ಅಚ್ಚುಹಾಕಿದ ಹಾಳೆ. ಸಿಲ್ವರ್‌ಟಂಗ್ ಎಂಬ ಅವನ ಹೆಸರನ್ನು ಆ ಹಾಳೆಯಿಂದ ತಿಳಿಯುತ್ತೇವೆ. ಅದನ್ನು ಓದಿಯೇ ಅವಳು ವಿಷ ಕುಡಿದಿದ್ದಾಳೆ. ದಾದಿ ಮಗುವನ್ನು ಕೊನೆಯ ಮುತ್ತಿಗಾಗಿ ತಾಯಿಯ ಮುಖದ ಬಳಿ ಹಿಡಿದಿದ್ದಾಳೆ. ಮಗುವಿನ ಕೆನ್ನೆಯ ಮೇಲೆ ಕಪ್ಪು ಮಚ್ಚೆ, ಕಾಲಿಗೆ ಲೋಹದ ಪಟ್ಟಿ. ಬಡಕಲು ನಾಯಿಯೊಂದು ಮೇಜಿನ ಮೇಲಿನ ಊಟ ಕದಿಯುತ್ತಿದೆ.

ಅವಳ ತಂದೆಯ ಕೈಯನ್ನು ಈಗ ನೋಡಿ. ಮೊದಲ ಚಿತ್ರದಲ್ಲಿ ಪತ್ರ ಹಿಡಿದಿದ್ದ ಆ ಕೈ ಇಲ್ಲಿ ಮಗಳ ಕೈಯನ್ನು ಹಿಡಿದಿದೆ. ದೂರದಿಂದ ನೋಡಿದರೆ ಸಾಯುತ್ತಿರುವ ಮಗಳನ್ನು ಸಂತೈಸುವ ತಂದೆ. ಹತ್ತಿರ ಹೋದರೆ ಅವನು ಅವಳ ಬೆರಳಿನಿಂದ ಉಂಗುರ ಕಳಚುತ್ತಿದ್ದಾನೆ. ಆತ್ಮಹತ್ಯೆ ಮಾಡಿಕೊಂಡವರ ಚರಾಸ್ತಿ ದೊರೆಯ ಬೊಕ್ಕಸಕ್ಕೆ ಸೇರಬೇಕೆಂಬ ಕಾನೂನು ಅಂದು ಇತ್ತು. ಅಷ್ಟಾದರೂ ಉಳಿಯಲಿ ಎಂಬುದು ಅವನ ಲೆಕ್ಕ. ಯುರೋಪಿನ ಚಿತ್ರಕಲೆಯಲ್ಲಿ ಇದಕ್ಕಿಂತ ನಿಷ್ಕರುಣೆಯ ಕೈ ನನಗೆ ನೆನಪಾಗುವುದಿಲ್ಲ. ಇನ್ನೊಂದು ವಿಷಯ. ಆರೂ ಚಿತ್ರಗಳಲ್ಲಿ ಅವಳ ಸ್ವಂತ ಹೆಸರನ್ನು ಹೊಗಾರ್ತ್ ನಮಗೆ ಹೇಳುವುದಿಲ್ಲ. ನಾಲ್ಕನೆಯದರಲ್ಲಿ ನೆಲಕ್ಕೆ ಬಿದ್ದ ಆಮಂತ್ರಣಗಳ ಮೇಲೂ ಇರುವುದು ಗಂಡನ ಮನೆತನದ ಹೆಸರು.

ಪ್ರೀತಿಸಿ ಮದುವೆಯಾಗಿ ಎಂದು ಹೇಳುವ ಉದ್ದೇಶವಿದ್ದಿದ್ದರೆ ಹೊಗಾರ್ತ್‌ಗೆ ಒಬ್ಬ ಯೋಗ್ಯ ಪ್ರೇಮಿ ಬೇಕಾಗಿತ್ತು. ಆದರೆ ಅವನು ಕೊಟ್ಟಿರುವುದು ಈ ವಕೀಲನನ್ನು. ಒಪ್ಪಂದಕ್ಕೆ ಲೇಖನಿ ಹೆರೆದವನೇ ಒಪ್ಪಂದ ಒಡೆಯುವವನಾದ. ಅವರಿಬ್ಬರ ಪ್ರೇಮ ಹುಟ್ಟಿದ್ದೂ ಅದೇ ವ್ಯವಹಾರದ ಕೋಣೆಯಲ್ಲಿ. ಹಣಕ್ಕೆ ಎದುರಾಗಿ ಪ್ರೀತಿಯನ್ನು ನಿಲ್ಲಿಸಿ ಗೆಲ್ಲಿಸುವ ಸುಲಭದ ದಾರಿಯನ್ನು ಆತ ತುಳಿಯಲಿಲ್ಲ. ಮದುವೆಯಲ್ಲಿ ಹಣದ ಚೀಲ ಕಾಣಿಸಿದ ಮಾತ್ರಕ್ಕೆ ಚಿತ್ರ ವಿಡಂಬನೆಯಾಗುವುದಿಲ್ಲ ಎಂಬುದಕ್ಕೆ ಫ್ರಾನ್ಸಿನ ಚಿತ್ರಕಾರ ಗ್ರೂಜ್ 1761ರಲ್ಲಿ ಪ್ರದರ್ಶಿಸಿದ ಹಳ್ಳಿಯ ವಧುವಿನ ಚಿತ್ರ ಸಾಕ್ಷಿ. ಅದೀಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅಲ್ಲಿಯೂ ಮಾವ ಅಳಿಯನಿಗೆ ಹಣದ ಚೀಲ ಕೊಟ್ಟಿದ್ದಾನೆ, ಅಲ್ಲಿಯೂ ಒಬ್ಬ ದಸ್ತಾವೇಜು ಬರೆಯುತ್ತ ಕುಳಿತಿದ್ದಾನೆ. ಆದರೆ ವಧು ವರನ ತೋಳಿನಲ್ಲಿ ತೋಳು ಸೇರಿಸಿದ್ದಾಳೆ, ತಾಯಿ ಮಗಳ ಇನ್ನೊಂದು ಕೈಯನ್ನು ಬಿಡಲಾರದೆ ಹಿಡಿದಿದ್ದಾಳೆ. ಹಣ ಅಲ್ಲಿ ಬಂಧುತ್ವದ ನಡುವೆ ಹಾದುಹೋಗುತ್ತದೆ. ಹೊಗಾರ್ತ್‌ನ ಕೋಣೆಯಲ್ಲಿ ಹಣ ಹಾದುಹೋಗಲು ಬಂಧುತ್ವವೇ ಇಲ್ಲ. ಗ್ರೂಜ್‌ನ ಚಿತ್ರದಲ್ಲಿ ಭಾವುಕತೆ ಸ್ವಲ್ಪ ಹೆಚ್ಚಾಯಿತೆಂದು ನನಗೆ ಅನ್ನಿಸುತ್ತದೆಯಾದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು.

ಹೊಗಾರ್ತ್‌ಗೆ ಈ ವಿಷಯ ಪರಕೀಯವಾಗಿರಲಿಲ್ಲ. 1697ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವನು ಶಾಲಾ ಮೇಷ್ಟರೊಬ್ಬರ ಮಗ. ಸಾಲ ತೀರಿಸಲಾಗದೆ ತಂದೆ ಫ್ಲೀಟ್ ಸೆರೆಮನೆ ಸೇರಿದ್ದನ್ನು ಬಾಲ್ಯದಲ್ಲೇ ಕಂಡವನು. ಸಾಲಪತ್ರವೊಂದು ಮನೆಯನ್ನು ಏನು ಮಾಡಬಲ್ಲದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1729ರಲ್ಲಿ ಅವನು ಪ್ರಸಿದ್ಧ ಚಿತ್ರಕಾರ ಸರ್ ಜೇಮ್ಸ್ ಥಾರ್ನ್‌ಹಿಲ್‌ನ ಮಗಳು ಜೇನ್‌ಳನ್ನು ತಂದೆಯ ಒಪ್ಪಿಗೆಯಿಲ್ಲದೆ ಮದುವೆಯಾದ. ಮುಂದೆ ಮಾವ ಅಳಿಯ ರಾಜಿಯಾದರು. ಗುಟ್ಟಾದ ಮದುವೆಗಳನ್ನು ತಡೆಯಲೆಂದು, 21 ವರ್ಷ ತುಂಬದವರಿಗೆ ಹಿರಿಯರ ಒಪ್ಪಿಗೆಯನ್ನು ಬಿಗಿಗೊಳಿಸಿದ ಕಾನೂನು ಬಂದದ್ದು 1753ರಲ್ಲಿ. ಈ ಸರಣಿ ರಚನೆಯಾದ 1743ರ ಆಸುಪಾಸಿನಲ್ಲಿ, ಮಕ್ಕಳ ಮದುವೆಯ ಮೇಲೆ ಯಾರಿಗೆಷ್ಟು ಹಕ್ಕು ಎಂಬುದು ಇಂಗ್ಲೆಂಡಿನಲ್ಲಿ ಜನ ಜಗಳವಾಡುತ್ತಿದ್ದ ಪ್ರಶ್ನೆಯಾಗಿತ್ತು. ಪತ್ರಿಕಾ ಜಾಹೀರಾತಿನಲ್ಲಿ ಹೊಗಾರ್ತ್, ಇದರ ಪಾತ್ರಗಳಲ್ಲಿ ಯಾವುದೂ ನಿರ್ದಿಷ್ಟ ವ್ಯಕ್ತಿಯಲ್ಲ ಎಂದು ಮಾತುಕೊಟ್ಟಿದ್ದ. ಒಬ್ಬ ಅರ್ಲ್‌ನನ್ನು ನಗೆಪಾಟಲು ಮಾಡುವುದಕ್ಕಿಂತ ದೊಡ್ಡ ಕೆಲಸ ಅವನ ಮನಸ್ಸಿನಲ್ಲಿತ್ತು.

ಸುಖೀ ದಾಂಪತ್ಯದ ಪ್ರಶ್ನೆಗೆ ಉತ್ತರ ಹೌದು ಮತ್ತು ಇಲ್ಲ. ಈ ಸರಣಿಯ ಬಳಿಕ ‘ದಿ ಹ್ಯಾಪಿ ಮ್ಯಾರೇಜ್’ ಎಂಬ ಜೊತೆಸರಣಿಯನ್ನು ಅವನು ಆರಂಭಿಸಿದ, ಮುಗಿಸಲಿಲ್ಲ. ಹಳ್ಳಿಗಾಡಿನ ದೊಡ್ಡ ಮನೆಯೊಂದರಲ್ಲಿ ಮದುವೆಯ ನೃತ್ಯ ನಡೆಯುತ್ತಿರುವ ಕರಡುಚಿತ್ರ ಉಳಿದಿದ್ದು, ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಬೀಸು ಕುಂಚದ ಕೆಲಸ, ಮೇಣದ ದೀಪಗಳ ಬೆಳಕು, ಸಾಲಾಗಿ ಕುಣಿಯುವ ಜೋಡಿಗಳು. ಸುಖಕ್ಕೆ ಕಥೆಯಿಲ್ಲವೆಂದು ಅವನು ಕೈಬಿಟ್ಟ ಎನ್ನುವವರಿದ್ದಾರೆ. ಆ ಕರಡಿನಲ್ಲಿ ಇರುವ ಲವಲವಿಕೆ ನೋಡಿದಾಗ ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ನೃತ್ಯದ ಈ ಸಂಯೋಜನೆಯನ್ನೇ ಆತ 1753ರ ತನ್ನ ಸೌಂದರ್ಯಮೀಮಾಂಸೆಯ ಪುಸ್ತಕದ ಮುದ್ರಣಫಲಕವೊಂದಕ್ಕೆ ಮತ್ತೆ ಬಳಸಿಕೊಂಡ.

ಮೂಲಚಿತ್ರಗಳ ಹಣೆಬರಹವೂ ತಿಳಿಯಬೇಕಾದ್ದೇ. 1745ರಲ್ಲಿ ಫ್ರೆಂಚ್ ಕೆತ್ತನೆಗಾರರು ಮಾಡಿದ ಮುದ್ರಣಗಳು ಒಂದು ಕಟ್ಟಿಗೆ ಒಂದು ಗಿನಿಯಂತೆ, ಅಂದರೆ 21 ಶಿಲ್ಲಿಂಗ್‌ಗೆ ಮಾರಾಟವಾದವು. ಚಿತ್ರಗಳಿಗೆ ಮಾತ್ರ ಗಿರಾಕಿ ಇಲ್ಲ. 1751ರ ಹರಾಜಿನಲ್ಲಿ ಜಾನ್ ಲೇನ್ ಎಂಬಾತ ಆರೂ ಚಿತ್ರಗಳನ್ನು 120 ಗಿನಿಗೆ ಕೊಂಡ. ಚೌಕಟ್ಟುಗಳಿಗೇ ಹೊಗಾರ್ತ್ ತಲಾ ನಾಲ್ಕು ಗಿನಿ ಖರ್ಚು ಮಾಡಿದ್ದ. ಆ ಅವಮಾನ ಅವನಿಗೆ ಬಹಳ ನಾಟಿತು. ಮುಂದೆ ಅವು ಆಂಗರ್‌ಸ್ಟೈನ್ ಎಂಬ ಶ್ರೀಮಂತನ ಸಂಗ್ರಹ ಸೇರಿದವು. 1824ರಲ್ಲಿ ಬ್ರಿಟಿಷ್ ಸರ್ಕಾರ ಆ ಸಂಗ್ರಹದ 38 ಚಿತ್ರಗಳನ್ನು 57,000 ಪೌಂಡ್‌ಗೆ ಕೊಂಡು ನ್ಯಾಷನಲ್ ಗ್ಯಾಲರಿಯನ್ನು ಸ್ಥಾಪಿಸಿದಾಗ ಈ ಆರೂ ಅದರೊಳಗೆ ಬಂದವು.

ಹೊಗಾರ್ತ್ 1764ರಲ್ಲಿ ತೀರಿಕೊಂಡ. ದಂಪತಿಗೆ ಮಕ್ಕಳಿರಲಿಲ್ಲ. ತಾಮ್ರದ ಮುದ್ರಣಫಲಕಗಳನ್ನು ಅವನು ಜೇನ್‌ಗೆ ಬರೆದಿಟ್ಟಿದ್ದ. ಮುದ್ರಣಚಿತ್ರಕಾರರಿಗೆ ಹಕ್ಕುಸ್ವಾಮ್ಯ ಕೊಡಿಸಿದ 1735ರ ಕಾನೂನಿಗಾಗಿ ಹೋರಾಡಿದವನೂ ಅವನೇ. ಗಂಡನ ಮರಣಾನಂತರ ಜೇನ್‌ಗೆ ಆ ಚಿತ್ರಗಳ ಮೇಲೆ ಇನ್ನೂ 20 ವರ್ಷಗಳ ಹಕ್ಕನ್ನು ಪಾರ್ಲಿಮೆಂಟು ವಿಶೇಷವಾಗಿ ನೀಡಿತು. ಅವಳು ಮುದ್ರಣಗಳನ್ನು ಮಾರಿ ಸ್ವತಂತ್ರವಾಗಿ ಬದುಕಿದಳು. ಹಣವನ್ನು ಧಿಕ್ಕರಿಸಿದ ಪ್ರೇಮಿಗಳೆಂದು ಈ ದಂಪತಿಯನ್ನು ಕರೆಯುವಂತಿಲ್ಲ. ಹೆಂಡತಿಯ ನಾಳೆಯ ಬಗ್ಗೆ ಗಂಡ ಕಾಗದದ ಮೇಲೆ ಯೋಚಿಸಿದ್ದ. ಸರಣಿಯ ಅರ್ಥವನ್ನು ಹುಡುಕುವಾಗ ಈ ಸಂಗತಿ ನನಗೆ ಯಾವಾಗಲೂ ನೆರವಾಗುತ್ತದೆ. ಮದುವೆಯೊಳಗೆ ಹಣದ ಮಾತು ಬರುವುದನ್ನು ಅವನು ಹೀಗಳೆದಿದ್ದರೆ ಹೀಗೆ ಬರೆದಿಡುತ್ತಿರಲಿಲ್ಲ.

ಇನ್ನೊಂದು ಪ್ರಾಯೋಗಿಕ ಸೂಚನೆ. ನೀವು ನೋಡಿದ್ದು ಮೂಲಚಿತ್ರವೋ ಮುದ್ರಣವೋ ಖಚಿತಪಡಿಸಿಕೊಳ್ಳಿ, ಏಕೆಂದರೆ ಎರಡರಲ್ಲಿ ಎಡಬಲ ಅದಲುಬದಲಾಗಿವೆ. ಮುದ್ರಣದಲ್ಲಿ ಅರ್ಲ್ ಎಡಕ್ಕಿದ್ದಾನೆ. ವಂಶವೃಕ್ಷದಿಂದ ಹೊರಟ ಕಣ್ಣು ನಾಣ್ಯ, ಪತ್ರಗಳನ್ನು ದಾಟಿ ಕೊನೆಗೆ ಬಲಕ್ಕಿರುವ ಜೋಡಿಯನ್ನು ತಲುಪುತ್ತದೆ. ಕಥೆಯನ್ನು ಓದಿಸಬೇಕೆಂದು ಹೊಗಾರ್ತ್ ಲೆಕ್ಕ ಹಾಕಿದ್ದು ಈ ಕ್ರಮವನ್ನು. ಹಾಗಾಗಿ ಬಣ್ಣದ ಚಿತ್ರವನ್ನು ಬಲತುದಿಯಿಂದ ಎಡಕ್ಕೆ ನೋಡುತ್ತ ಬನ್ನಿ. ನ್ಯಾಷನಲ್ ಗ್ಯಾಲರಿಯ ಜಾಲತಾಣದಲ್ಲಿ ಆರನ್ನೂ ಹಿಗ್ಗಿಸಿ ನೋಡಬಹುದು. ಎರಡನೆಯ ಚಿತ್ರಕ್ಕೆ ಹೆಚ್ಚು ಸಮಯ ಕೊಡಿ.